ಕೇಳುವವರು ಯಾರು, ಹೇಳುವವರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

ಈ ಶಿಬಿರದಲ್ಲಿ ಭೂಮಿ, ಮೀಸಲಾತಿ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಚರ್ಚೆ ಆಗಿದೆ. ಅವೆಲ್ಲ ಹೊಟ್ಟೆಯ ಪ್ರಶ್ನೆ, ಬಾಳಿನ ಪ್ರಶ್ನೆ. ನನಗೆ ಕೊಟ್ಟಿರುವ ವಿಷಯ ರೇಡಿಯೋದಲ್ಲಿ ಲೇಖಕರ ಜೊತೆ, ತಜ್ಞರ ಜೊತೆ ನಡೆಯುವ ಮಾತುಕತೆಗಳು. ಇದೇನಪ್ಪ, ಹಸಿದವರ ಮುಂದೆ ರೇಡಿಯೋ ಪುರಾಣ ಅಂತ ನಿಮಗೆ ಅನ್ನಿಸಬಹುದು. ಆದರೆ ಮಾತೂ ಒಂದು ಆಸ್ತಿ. ಭೂಮಿ ಹೇಗೆ ಕೆಲವರ ಕೈಲೇ ಉಳೀತೋ ಹಾಗೇ ಮಾತೂ ಕೆಲವರ ಬಾಯಲ್ಲೇ ಉಳೀತು. ಊರ ಕಟ್ಟೆ ಮೇಲೆ ಕೂತು ಹೇಳುವವರು ಯಾರು, ಕೆಳಗೆ ಕೈ ಕಟ್ಟಿ ನಿಂತು ಕೇಳುವವರು ಯಾರು ಅನ್ನೋದು ನಮ್ಮ ಅಜ್ಜ ಹುಟ್ಟೋಕೆ ಮುಂಚೇನೇ ತೀರ್ಮಾನ ಆಗಿಹೋಗಿತ್ತು.

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ. ಕಿವಿಗೊಟ್ಟು ಆಲಿಸೋದೂ ಕೇಳೋದೇ, ಎದ್ದು ನಿಂತು ಪ್ರಶ್ನೆ ಹಾಕೋದೂ ಕೇಳೋದೇ. ನಮ್ಮ ಜನಕ್ಕೆ ಮೊದಲನೆಯದನ್ನು ಬಿಟ್ಟುಕೊಟ್ಟರು, ಎರಡನೆಯದನ್ನು ಕಿತ್ತುಕೊಂಡರು. ಈ ಎರಡನೇ ಕೇಳುವಿಕೆಯನ್ನು ವಾಪಸ್ ಪಡೆಯೋದು ಹೇಗೆ ಅನ್ನೋದೇ ಇವತ್ತಿನ ನನ್ನ ಮಾತು.

ನಮ್ಮ ಕಡೆ ರೇಡಿಯೋ ಶುರುವಾದದ್ದು ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಆಮೇಲೆ ಅದು ಇಡೀ ಇಂಡಿಯಾದ ರೇಡಿಯೋಗೆ ಹೆಸರಾಯಿತು. ಒಬ್ಬ ಮೇಷ್ಟ್ರು ತಮ್ಮ ದುಡ್ಡಿನಲ್ಲಿ, ಶ್ರಮದಲ್ಲಿ ಮಾಡಿದ ದೊಡ್ಡ ಕೆಲಸ ಅದು. ಆದರೆ ಆ ಹೆಸರನ್ನು ಒಂದು ಸಲ ಯೋಚನೆ ಮಾಡಿ ನೋಡಿ. ಪುರಾಣದಲ್ಲಿ ಆಕಾಶವಾಣಿ ಆಗುತ್ತೆ, ಕೆಳಗಿರುವ ಮನುಷ್ಯ ಕೇಳಿಸಿಕೊಳ್ತಾನೆ. ಕಂಸನಂಥ ರಾಜನೂ ಅದಕ್ಕೆ ಒಂದು ಮರುಪ್ರಶ್ನೆ ಹಾಕಲಾರ. ಮೇಲಿನಿಂದ ಬಂತು, ಮುಗೀತು. ನಮ್ಮ ರೇಡಿಯೋ ಬಹುಕಾಲ ಹೀಗೇ ಇತ್ತು. ತಜ್ಞರು ಮೊದಲೇ ಬರೆದು ಕೊಟ್ಟದ್ದನ್ನು ಓದ್ತಿದ್ದರು, ಹೊಲದಲ್ಲಿ ನಿಂತವನು ಕೇಳಿಸಿಕೊಳ್ತಿದ್ದ. ಗೊಬ್ಬರ ಹೇಗೆ ಹಾಕಬೇಕು ಅಂತ ಗೊಬ್ಬರ ಹೊತ್ತವನಿಗೇ ಹೇಳ್ತಿದ್ದರು. ಅದರಲ್ಲಿ ಒಳ್ಳೇ ಮಾಹಿತಿ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಮಾತಿನ ದಾರಿ ಒಂದೇ ಕಡೆಗಿತ್ತು ಅಂತ ಹೇಳ್ತಿದ್ದೀನಿ.

ಸಂವಾದ ಬಂದಾಗ ಈ ಒಂದೇ ಕಡೆಯ ದಾರಿ ಮುರಿಯುತ್ತೆ. ಬಾಬಾಸಾಹೇಬರನ್ನೇ ತೆಗೆದುಕೊಳ್ಳಿ. 1954ರ ಅಕ್ಟೋಬರ್ 3ರಂದು ಅವರು ಆಕಾಶವಾಣಿಯಲ್ಲಿ ತಮ್ಮ ಜೀವನ ದರ್ಶನದ ಬಗ್ಗೆ ಭಾಷಣ ಮಾಡಿದರು. ಸ್ವಾತಂತ್ರ್ಯ, ಸಮಾನತೆ, ಸೋದರತೆ ಈ ಮೂರು ಪದಗಳಲ್ಲಿ ತಮ್ಮ ದರ್ಶನವಿದೆ, ಅದು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದದ್ದಲ್ಲ, ಬುದ್ಧ ಗುರುವಿನಿಂದ ಪಡೆದದ್ದು ಅನ್ನೋದು ಅದರ ತಿರುಳು. ಅಳೆದು ತೂಗಿ ಆಡಿದ ಮಾತು. ಮರುವರ್ಷ, 1955ರಲ್ಲಿ, ಬಿಬಿಸಿ ರೇಡಿಯೋದವರು ಗಾಂಧೀಜಿ ಬಗ್ಗೆ ಅವರನ್ನು ಪ್ರಶ್ನೆ ಕೇಳಿದರು. ಅಲ್ಲಿ ಬೇರೆಯೇ ಅಂಬೇಡ್ಕರ್ ಕಾಣ್ತಾರೆ. ಕೇಳುವವನು ಅವರ ಭಕ್ತನಲ್ಲ. ಸಣ್ಣ ಸಣ್ಣ ಪ್ರಶ್ನೆ ಹಾಕ್ತಾನೆ, ಅನುಮಾನ ಪಡ್ತಾನೆ, ನಡುವೆ ತಡೀತಾನೆ. ಪ್ರತಿ ತಡೆಗೂ ಬಾಬಾಸಾಹೇಬರ ಮಾತು ಇನ್ನಷ್ಟು ಹರಿತ ಆಗುತ್ತೆ. ನಾನು ಗಾಂಧಿಯವರನ್ನು ಎದುರಾಳಿಯಾಗಿ ಕಂಡೆ, ಉಳಿದವರು ಭಕ್ತರಾಗಿ ಹೋದರು, ಹಾಗಾಗಿ ಅವರಿಗಿಂತ ನನಗೆ ಆ ಮನುಷ್ಯ ಚೆನ್ನಾಗಿ ಗೊತ್ತು ಅಂತ ಅವರು ಹೇಳೋದು ಅಲ್ಲಿಯೇ. ಗಾಂಧೀಜಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಮುಖ, ಗುಜರಾತಿ ಪತ್ರಿಕೆಯಲ್ಲಿ ಇನ್ನೊಂದು ಮುಖ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ಅಂತಲೂ ಹೇಳ್ತಾರೆ. ಪುಣೆ ಒಪ್ಪಂದದ ಬಗ್ಗೆ ಮಾತು ಬರುತ್ತೆ.

ಗಾಂಧೀಜಿ ಬಗ್ಗೆ ಅವರ ಅಭಿಪ್ರಾಯಗಳನ್ನು ಒಪ್ಪೋದು ಬಿಡೋದು ಆಮೇಲಿನ ಮಾತು. ನಾನು ಎತ್ತಿ ಹೇಳಬೇಕು ಅಂತಿರೋದು ಇಷ್ಟೇ. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡರು. ಅದಕ್ಕೆ ಎರಡು ವರ್ಷ ತುಂಬುವ ಮುಂಚೆ ಯಾರೋ ಒಬ್ಬರು ಯಂತ್ರ ಇಟ್ಟುಕೊಂಡು ಎದುರು ಕೂತರು, ಕೇಳಿದರು. ಅದಕ್ಕೇ ಆ ಕಂಠ, ಆ ಬಿಗಿ, ಆ ಸಿಟ್ಟು ಇವತ್ತು ನಮ್ಮ ಕಿವಿಗೆ ಸಿಗ್ತಾ ಇದೆ. ಕೇಳದೇ ಹೋಗಿದ್ದರೆ? ಅವರ ಜೊತೆ ಓಡಾಡಿದ ಎಷ್ಟೋ ಸಾವಿರ ಜನರ ಕಂಠ ಮಣ್ಣಾಗಿದೆ. ಅವರನ್ನು ಯಾರೂ ಕೇಳಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಕ್ಕೆ. ಇದು ನಮಗೆ ಹೊಸ ದಾರಿಯಲ್ಲ. ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಓದಿದರು. 1946ರಲ್ಲಿ ಅಲ್ಲಿನ ಕಪ್ಪು ಜನರ ವಿದ್ವಾಂಸ ಡುಬಾಯ್ಸ್ ಅವರಿಗೆ ಕಾಗದ ಬರೆದು ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಹೋಲಿಕೆ ಇದೆ ಅಂದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮನ್ನು ದಲಿತ ಪ್ಯಾಂಥರ್ ಅಂತ ಕರೆದುಕೊಂಡಾಗ ಆ ಹೆಸರು ಬಂದದ್ದೂ ಅಲ್ಲಿಂದಲೇ.

ಆ ಅಮೆರಿಕದ ಶಿಕಾಗೋ ನಗರದಲ್ಲಿ ಸ್ಟಡ್ಸ್ ಟರ್ಕೆಲ್ ಅಂತ ಒಬ್ಬರಿದ್ದರು. 1912ರಲ್ಲಿ ಹುಟ್ಟಿದವರು, 2008ರಲ್ಲಿ ತೀರಿಕೊಂಡರು. ವಲಸೆ ಬಂದ ಯಹೂದಿ ದರ್ಜಿಯ ಮಗ. ಅಪ್ಪ ಅಮ್ಮ ಕೂಲಿಕಾರರಿಗೆ ಬಾಡಿಗೆ ಕೋಣೆ ಕೊಡುವ ಲಾಡ್ಜಿಂಗು ನಡೆಸ್ತಿದ್ದರು. ಅಲ್ಲಿ ಕೂತು ಕೆಲಸಗಾರರ ಜಗಳ, ವಾದ, ತಮಾಷೆ ಕೇಳುತ್ತಾ ಬೆಳೆದ ಹುಡುಗ. ಕಾನೂನು ಓದಿದರೂ ಕೋರ್ಟಿಗೆ ಹೋಗಲಿಲ್ಲ. 1952ರಿಂದ 1997ರವರೆಗೆ, 45 ವರ್ಷ, ಡಬ್ಲ್ಯು.ಎಫ್.ಎಂ.ಟಿ. ಎಂಬ ರೇಡಿಯೋ ಕೇಂದ್ರದಲ್ಲಿ ಜನರ ಜೊತೆ ಮಾತುಕತೆ ನಡೆಸಿದರು. 5000ಕ್ಕೂ ಹೆಚ್ಚು ಕಾರ್ಯಕ್ರಮ. ಬರ್ಟ್ರಂಡ್ ರಸೆಲ್, ಸಿಮೋನ್ ದ ಬೋವಾ, ಮಾರ್ಟಿನ್ ಲೂಥರ್ ಕಿಂಗ್ ಇಂಥವರನ್ನು ಮಾತಾಡಿಸಿದ ಮನುಷ್ಯ ಅದೇ ಯಂತ್ರ ಹೊತ್ತುಕೊಂಡು ಹೋಗಿ ಹೋಟೆಲಿನ ಪರಿಚಾರಕಿಯನ್ನು, ಗಿರಣಿ ಕಾರ್ಮಿಕನನ್ನು ಮಾತಾಡಿಸಿದರು. ಆ ಮಾತುಗಳಿಂದಲೇ 1974ರಲ್ಲಿ ‘ವರ್ಕಿಂಗ್’ ಎಂಬ ಪುಸ್ತಕ ಬಂತು. ಜನ ತಾವು ಮಾಡುವ ಕೆಲಸದ ಬಗ್ಗೆ ತಾವೇ ಆಡಿದ ಮಾತು ಅದರ ತುಂಬ ಇದೆ.

ಅವರು ಲೇಖಕರನ್ನು ಮಾತಾಡಿಸುತ್ತಿದ್ದ ರೀತಿ ನೋಡಿ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಓದ್ತಿದ್ದರು. ಹಾಳೆ ಹಾಳೆಗೂ ಗೆರೆ ಎಳೆದು, ಅಂಚಿನಲ್ಲಿ ಗೀಚಿ, ಪುಸ್ತಕ ಹಣ್ಣು ಮಾಡಿಬಿಡ್ತಿದ್ದರು. ಇವತ್ತು ಟೀವಿಗಳಲ್ಲಿ ಪುಸ್ತಕದ ಬೆನ್ನು ನೋಡಿ ಪ್ರಶ್ನೆ ಕೇಳುವವರಿದ್ದಾರಲ್ಲ, ಹಾಗಲ್ಲ.

1961ರಲ್ಲಿ ಜೇಮ್ಸ್ ಬಾಲ್ಡ್‌ವಿನ್ ಎಂಬ ಕಪ್ಪು ಲೇಖಕ ಅವರ ಸ್ಟುಡಿಯೋಗೆ ಬಂದರು. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ 1924ರಲ್ಲಿ ಹುಟ್ಟಿದವರು. ಬಿಳಿಯರ ಅವಮಾನ ತಾಳಲಾರದೆ 1948ರಲ್ಲಿ ಪ್ಯಾರಿಸ್‌ಗೆ ಹೊರಟುಹೋಗಿದ್ದರು. ಟರ್ಕೆಲ್ ಅವರನ್ನು ‘ನಿಮ್ಮ ಸಾಹಿತ್ಯದ ಉದ್ದೇಶವೇನು’ ಅಂತ ಕೇಳಲಿಲ್ಲ. ಮೊದಲು ಒಂದು ಗ್ರಾಮಫೋನ್ ರೆಕಾರ್ಡ್ ಹಾಕಿದರು. ಬೆಸ್ಸಿ ಸ್ಮಿತ್ ಎಂಬ ಕಪ್ಪು ಗಾಯಕಿ ಪ್ರವಾಹದಲ್ಲಿ ಮನೆ ಕಳಕೊಂಡ ಹೆಂಗಸಿನ ಬಗ್ಗೆ ಹಾಡಿದ ಹಾಡು. ಅದನ್ನು ಕೇಳಿಸಿ, ಆಮೇಲೆ ಮಾತಿಗೆ ಎಳೆದರು.

ಆ ಹಾಡು ಬಾಲ್ಡ್‌ವಿನ್ನರ ಬಾಯಿ ಬಿಡಿಸಿತು. ತಾನು ಸ್ವಿಟ್ಜರ್ಲೆಂಡಿನ ಒಂದು ಬೆಟ್ಟದ ಹಳ್ಳಿಗೆ ಟೈಪ್‌ರೈಟರ್ ಜೊತೆ ಬೆಸ್ಸಿ ಸ್ಮಿತ್ ರೆಕಾರ್ಡುಗಳನ್ನೂ ಹೊತ್ತುಕೊಂಡು ಹೋದೆ ಅಂದರು. ಊರ ತುಂಬ ಬಿಳಿಯರು. ಅಮೆರಿಕದಲ್ಲಿದ್ದಾಗ ಆ ಹಾಡುಗಳನ್ನು ಕೇಳೋಕೆ ಅವರಿಗೆ ನಾಚಿಕೆ. ಕರಿಯರು ಕಲ್ಲಂಗಡಿ ಹಣ್ಣಿಗೆ ಬಾಯಿ ಬಿಡ್ತಾರೆ ಅಂತ ಬಿಳಿಯರು ಆಡಿಕೊಳ್ತಿದ್ದರಿಂದ ಕಲ್ಲಂಗಡಿಯನ್ನೂ ಮುಟ್ಟುತ್ತಿರಲಿಲ್ಲ. ಆ ಹಿಮದ ಊರಿನಲ್ಲಿ ಕೂತು ಆ ರೆಕಾರ್ಡುಗಳನ್ನು ಮತ್ತೆ ಮತ್ತೆ ಹಾಕಿ ಕೇಳಿದಾಗ ತಾನು ಹುಡುಗನಾಗಿ ಆಡ್ತಿದ್ದ ಮಾತಿನ ಲಯ ಯಾವುದು ಅಂತ ನೆನಪಾಯಿತಂತೆ. ಮರೆತಿದ್ದ, ಮುಚ್ಚಿ ಹಾಕಿದ್ದ ಆ ಲಯ ಸಿಕ್ಕ ಮೇಲೆ ಮೊದಲ ಕಾದಂಬರಿ ಮುಗಿಯಿತು. ಅದು ಅಚ್ಚಾದದ್ದು 1953ರಲ್ಲಿ.

ಗೆಳೆಯರೇ, ಈ ಮಾತು ಕೇಳಿದಾಗ ನಿಮಗೆ ಏನನ್ನಿಸುತ್ತೆ? ಹಾಸ್ಟೆಲಿಗೆ ಬಂದ ಮೇಲೆ ನಾವು ಮಾಡುವ ಮೊದಲ ಕೆಲಸ ಯಾವುದು? ಮನೆ ಮಾತನ್ನು ಬಚ್ಚಿಡೋದು. ಅವ್ವ ಫೋನ್ ಮಾಡಿದರೆ ಪಕ್ಕದವರಿಗೆ ಕೇಳಿಸಬಾರದು ಅಂತ ವರಾಂಡದ ತುದಿಗೆ ಹೋಗಿ ಮಾತಾಡ್ತೀವಿ. ‘ಹ’ಕಾರ ‘ಅ’ಕಾರ ತಪ್ಪೀತು ಅಂತ ಕ್ಲಾಸಿನಲ್ಲಿ ಬಾಯೇ ಬಿಡಲ್ಲ. ತಮಟೆ ಸದ್ದು ಕೇಳಿದರೆ ಮೈ ಕುಣಿಯುತ್ತೆ, ಆದರೂ ಗೊತ್ತಿಲ್ಲದವರ ಹಾಗೆ ನಿಲ್ತೀವಿ. ಈ ನಾಚಿಕೆ ನಾವು ಹುಟ್ಟುತ್ತ ತಂದದ್ದಲ್ಲ, ನಮ್ಮ ಮೇಲೆ ಹೇರಿದ್ದು. ಹಾರ್ಲೆಮ್ಮಿನ ಹುಡುಗನ ಮೇಲೂ ಹೇರಿದ್ದರು. ಅವನು ಅದನ್ನು ಇಳಿಸಿಕೊಂಡ ಕತೆ ಲೋಕಕ್ಕೆ ಗೊತ್ತಾದದ್ದು ಒಬ್ಬರು ಸರಿಯಾದ ಕಡೆಯಿಂದ ಕೇಳಿದ್ದರಿಂದ. ಅವರ ಪ್ರಬಂಧಗಳನ್ನು ಮಾತ್ರ ಓದಿ ಬಂದವನು ಜನಾಂಗ ಸಮಸ್ಯೆ ಬಗ್ಗೆ ಕೇಳಿ, ಉತ್ತರ ಬರೆದುಕೊಂಡು ಎದ್ದುಹೋಗ್ತಿದ್ದ. ಟರ್ಕೆಲ್‌ಗೆ ಹಾಡೂ ಗೊತ್ತಿತ್ತು.

ಇನ್ನೊಂದು ಪ್ರಸಂಗ ಟರ್ಕೆಲ್ಲರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಶಿಕಾಗೋದಲ್ಲಿ ಸರ್ಕಾರ ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳ ಸಾಲಿನಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿದರು. ಸುತ್ತ ಮಕ್ಕಳು. ಮಾತು ಮುಗಿದ ಮೇಲೆ ನಮ್ಮಮ್ಮನ ದನಿ ಕೇಳಿಸಿ ಅಂತ ಮಕ್ಕಳು ಹಟ ಹಿಡಿದವು. ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದರು. ಆಯಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ನನ್ನೊಳಗೆ ಇಂಥ ಅನಿಸಿಕೆ ಇತ್ತು ಅಂತ ನನಗೇ ಗೊತ್ತಿರಲಿಲ್ಲವಲ್ಲ ಅಂದಳಂತೆ. ಆಕೆಯನ್ನು ಅಲ್ಲಿಯವರೆಗೆ ಜನಗಣತಿಯವರು ಕೇಳಿರಬಹುದು, ಬಾಡಿಗೆ ವಸೂಲಿಯವರು ಕೇಳಿರಬಹುದು. ಎಷ್ಟು ಮಕ್ಕಳು, ಎಷ್ಟು ಬಾಕಿ ಅಂತ. ನಿನಗೇನನ್ನಿಸುತ್ತೆ ಅಂತ ಕೇಳಿದವರಿರಲಿಲ್ಲ.

ಇಂಥ ಕೇಳುವಿಕೆಗೆ ಬೆಲೆ ತೆರಬೇಕಾಗುತ್ತೆ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೀತಿದ್ದ ಕಾಲದಲ್ಲಿ, ಕಪ್ಪು ಜನರ ಪರವಾದ ಮನವಿಗಳಿಗೆ ಸಹಿ ಹಾಕಿದ್ದರು ಅಂತ ಟರ್ಕೆಲ್ ಕಪ್ಪುಪಟ್ಟಿಗೆ ಸೇರಿದರು, ಟೀವಿ ಕಾರ್ಯಕ್ರಮ ಹೋಯಿತು. ಆಮೇಲೆ 1954ರಲ್ಲಿ ಮಹಾಲಿಯಾ ಜಾಕ್ಸನ್ ಎಂಬ ಕಪ್ಪು ಗಾಯಕಿಯ ರೇಡಿಯೋ ಕಾರ್ಯಕ್ರಮ ನಡೆಸಿಕೊಡಲು ಬಂದಾಗ, ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕು ಅಂದರು. ಒಲ್ಲೆ ಅಂದರು. ಟರ್ಕೆಲ್ ನೆನೆಸಿಕೊಳ್ಳುವಂತೆ ಆಗ ಅವರನ್ನು ಉಳಿಸಿದ್ದು ಮಹಾಲಿಯಾ. ಇವನನ್ನು ತೆಗೆದರೆ ಹಾಡೋದಕ್ಕೆ ಇನ್ನೊಬ್ಬ ಮಹಾಲಿಯಾಳನ್ನು ಹುಡುಕಿಕೊಳ್ಳಿ ಅಂತ ಆಯಮ್ಮ ಹೇಳಿದಳಂತೆ. ಕಂಪನಿಯವರು ಬಾಯಿ ಮುಚ್ಚಿಕೊಂಡರು. ಬಿಳಿ ಮನುಷ್ಯ ಕಪ್ಪು ಹೆಂಗಸಿಗೆ ಮೈಕು ಕೊಡಿಸಿದ ಅಂತ ಮಾತ್ರ ಕತೆ ಹೇಳಬೇಡಿ. ಅವನ ಮೈಕು ಉಳಿಸಿದ್ದು ಆಕೆ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಏನು ಅಂತ ಕೇಳ್ತೀರಿ. ಕೇಳಬೇಕು. 1995ರಲ್ಲಿ ಸುಪ್ರೀಂ ಕೋರ್ಟು ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ ಅಂತ ತೀರ್ಪು ಕೊಟ್ಟಿತು. 2006ರಲ್ಲಿ ಸರ್ಕಾರ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸುವ ಅವಕಾಶ ಕೊಟ್ಟಿತು. ನಮ್ಮ ಬೀದರ್ ಜಿಲ್ಲೆಯ ಗಡಿಗೆ ಹತ್ತಿರ, ಇವತ್ತಿನ ತೆಲಂಗಾಣದ ಜಹೀರಾಬಾದ್ ಕಡೆ, ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿರುವ ದಲಿತ ಹೆಂಗಸರು 2008ರ ಅಕ್ಟೋಬರಿನಲ್ಲಿ ಸಂಘಂ ರೇಡಿಯೋ ಶುರು ಮಾಡಿದರು. ಲೈಸೆನ್ಸ್ ಸಿಗೋದಕ್ಕೆ ಹಲವು ವರ್ಷ ಮುಂಚೆಯೇ ಅವರು ಮಾತು, ಹಾಡು ಮುದ್ರಿಸಿ ಕ್ಯಾಸೆಟ್ಟಿನಲ್ಲಿ ಸಂಘದ ಸಭೆಗಳಿಗೆ ಕೇಳಿಸ್ತಿದ್ದರು. ಅಲ್ಲಿ ನಿರೂಪಕಿ ದಲಿತ ಹೆಂಗಸು. ಎದುರು ಕೂತ ತಜ್ಞೆಯೂ ದಲಿತ ಹೆಂಗಸು. ವಿಷಯ ನವಣೆ, ಸಜ್ಜೆ, ಜೋಳದ ಬೀಜ. ಯಾವ ಬೀಜಕ್ಕೆ ಯಾವ ನೆಲ, ಬೂದಿಯಲ್ಲಿ ಹೇಗೆ ಬೆರೆಸಿಡಬೇಕು, ಬರಗಾಲದಲ್ಲಿ ಯಾವುದು ಕೈ ಹಿಡಿಯುತ್ತೆ. ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಅವರಿಗೆ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಆಕಾಶದಿಂದ ಬರ್ತಿದ್ದ ವಾಣಿ ಅಲ್ಲಿ ಹೊಲದಿಂದ ಎದ್ದಿತು.

ಹಾಗಂತ ಓದಿದ ತಜ್ಞರು ಬೇಡ ಅಂತಲ್ಲ. ಬಾಬಾಸಾಹೇಬರಿಗಿಂತ ದೊಡ್ಡ ತಜ್ಞ ಯಾರಿದ್ದರು? ತಜ್ಞರು ಬರಲಿ, ಆದರೆ ಅವರನ್ನೂ ಕೇಳಬೇಕು. ಸ್ವಾಮೀ, ಇದು ನಿಮಗೆ ಹೇಗೆ ಗೊತ್ತು? ಯಾವ ಕೇರಿಗೆ ಹೋಗಿದ್ದಿರಿ? ಯಾರ ಬಾಯಿಂದ ಕೇಳಿದಿರಿ? ಇಷ್ಟು ಕೇಳಿದರೆ ಸಾಕು, ನಿಜವಾದ ತಜ್ಞ ಸಂತೋಷ ಪಡ್ತಾನೆ, ಸುಳ್ಳು ತಜ್ಞ ಬೆವರುತ್ತಾನೆ.

ಈಗ ನಿಮ್ಮ ಕೆಲಸಕ್ಕೆ ಬರ್ತೀನಿ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದಾಗ ರಾಜ್ಯವೇ ಹೊತ್ತಿಕೊಂಡಿತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರು ಹೊಡೆತ ತಿಂದರು. ಆ ಹುಡುಗರಲ್ಲಿ ಉಳಿದವರು ಈಗ ಎಪ್ಪತ್ತು ದಾಟಿದ್ದಾರೆ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ತಡೆಯೋಕೆ ಹೋಗಿ ಹಲ್ಲೆಗೆ ಒಳಗಾದ ಕಾರ್ಯಕರ್ತರಿಗೂ ವಯಸ್ಸಾಗಿದೆ. 1976ರಲ್ಲಿ ಜೀತ ರದ್ದತಿ ಕಾನೂನು ಬಂದಾಗ ಜೀತದ ಮನೆಯಿಂದ ಹೊರಗೆ ಬಂದ ಮಕ್ಕಳು ನಿಮ್ಮದೇ ಊರಿನಲ್ಲಿ ಅಜ್ಜ ಅಜ್ಜಿ ಆಗಿರಬಹುದು. ಇವರನ್ನು ಯಾರು ಕೇಳ್ತಾರೆ? ನಿಮ್ಮ ಜೇಬಿನ ಫೋನಿನಲ್ಲಿ ಟರ್ಕೆಲ್ ಬೆನ್ನು ಬಗ್ಗಿಸಿ ಹೊತ್ತ ಯಂತ್ರಕ್ಕಿಂತ ಒಳ್ಳೇ ಯಂತ್ರ ಇದೆ. ಇಲ್ಲದಿರೋದು ಕೇಳುವವನು.

ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೂ ಒಬ್ಬರನ್ನು ಕೇಳಿ. ಕೆಲವು ಮಾತು ನೆನಪಿಟ್ಟುಕೊಳ್ಳಿ. ಹೋಗೋಕೆ ಮುಂಚೆ ಆ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ. ಪ್ರಶ್ನೆ ಚಿಕ್ಕದಿರಲಿ. ‘ಶೋಷಣೆ ಬಗ್ಗೆ ನಿಮ್ಮ ಅಭಿಪ್ರಾಯವೇನು’ ಅಂತ ಅಜ್ಜಿಯನ್ನು ಕೇಳಬೇಡಿ. ‘ಗೌಡರ ಮನೇಲಿ ಊಟ ಎಲ್ಲಿ ಹಾಕ್ತಿದ್ದರು, ಯಾತರಲ್ಲಿ ಹಾಕ್ತಿದ್ದರು’ ಅಂತ ಕೇಳಿ. ಉತ್ತರ ತಡವಾದರೆ ಕಾಯಿರಿ, ಆ ಮೌನವನ್ನು ನಿಮ್ಮ ಭಾಷಣದಿಂದ ತುಂಬಬೇಡಿ. ನಿಮಗೆ ಬೇಕಾದ ಉತ್ತರ ಬರದಿದ್ದರೆ ತಿದ್ದಬೇಡಿ. ಅವರ ಮಾತನ್ನು ಗ್ರಂಥದ ಕನ್ನಡಕ್ಕೆ ತಿರುಗಿಸಬೇಡಿ. ಮುಗಿದ ಮೇಲೆ ಅವರಿಗೇ ಕೇಳಿಸಿ. ಅದು ಅವರ ಮಾತು, ನಮ್ಮ ಪ್ರಾಜೆಕ್ಟು ಅಲ್ಲ.

ಒಂದು ಎಚ್ಚರಿಕೆ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿ ಹೇಳಿದ್ದರು. ಅವರನ್ನು ಹೇಡಿಗಳು ಅನ್ನೋ ಹಕ್ಕು ನಮಗಿಲ್ಲ. ಅದೇ ಊರಿನಲ್ಲಿ ಅದೇ ಜನರ ನಡುವೆ ಬದುಕಬೇಕಾದವರ ಬಾಯನ್ನು ಭಯ ಕಟ್ಟುತ್ತೆ. ಮುದ್ರಿಸಿಕೊಂಡ ಮಾತು ಸಾಕ್ಷಿಯಾಗುತ್ತೆ, ಸಾಕ್ಷಿ ಅಪಾಯವೂ ಆಗುತ್ತೆ. ಹಾಗಾಗಿ ಅವರನ್ನು ಕೇಳದೆ ಯಾವುದನ್ನೂ ಹೊರಗೆ ಬಿಡಬೇಡಿ, ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಹೆಸರು ಬೇಡ ಅಂದರೆ ಹೆಸರು ಬೇಡ. ಯಂತ್ರ ಆಫ್ ಮಾಡು ಅಂದರೆ ಆಫ್ ಮಾಡಿ, ಆಮೇಲೂ ಕೂತು ಕೇಳಿ.

ಬಾಬಾಸಾಹೇಬರ ಕಂಠ ಉಳಿದಿದೆ. ಅವರನ್ನು ನೋಡೋಕೆ ಮೈಲುಗಟ್ಟಲೆ ನಡೆದುಹೋದ ನಮ್ಮ ಮುತ್ತಜ್ಜಿಯರ ಕಂಠ ಉಳಿದಿಲ್ಲ. ನಮ್ಮ ಅವ್ವಂದಿರ ವಿಷಯದಲ್ಲೂ ಹಾಗೇ ಆಗಬಾರದು. ಮುಂದಿನ ಶಿಬಿರಕ್ಕೆ ಬರುವಾಗ ಒಬ್ಬೊಬ್ಬರೂ ಒಂದೊಂದು ದನಿ ತನ್ನಿ. ಇಲ್ಲೇ, ಈ ಹಾಲಿನಲ್ಲೇ ಕೂತು, ಎಲ್ಲರೂ ಕೇಳೋಣ.

ಜೈ ಭೀಮ್.